ಸಂದಿಯ ಮೇಲಿನ ತಗಡು

ಕರೇಕಲ್ಲೂರು
ಬೇಗೆಮಾಸ, ಬಹುಳ ಸಪ್ತಮಿ, ೨೧೮೯

ಸೌಭಾಗ್ಯಮ್ಮನವರಿಗೆ,

ನೀವು ಕಟ್ಟಿಸಿದ ಮನೆಯಲ್ಲಿ ಈಗ ವಾಸವಾಗಿರುವ ಹಂಪಮ್ಮನ ನಮಸ್ಕಾರಗಳು. ಮೇಲೆ ಬರೆದ ತಿಂಗಳು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಬೇಸಿಗೆ ಹಳೆಯ ತಿಂಗಳುಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ವೈಶಾಖ ಜ್ಯೇಷ್ಠಗಳ ನಡುವೆ ಇನ್ನೊಂದನ್ನು ಸೇರಿಸಿ ಅದಕ್ಕೆ ಬೇಗೆಮಾಸ ಎಂದು ಹೆಸರಿಟ್ಟರು. ಈ ತಿಂಗಳಲ್ಲಿ ಮದುವೆ ಮಾಡುವುದಿಲ್ಲ, ಸಂತೆ ಕೂಡುವುದಿಲ್ಲ, ಯಾರನ್ನೂ ಬೈಯಬಾರದು ಎಂಬ ಮಾತೂ ಉಂಟು, ಅದನ್ನು ಮಾತ್ರ ಯಾರೂ ಪಾಲಿಸುವುದಿಲ್ಲ. ನನ್ನ ಕನ್ನಡ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸೀತು. ಕ್ಷಮಿಸಿ. ನಿಮ್ಮ ಹೆಸರು ಕೂಡ ನನಗೆ ಖಚಿತವಿಲ್ಲ. ಬಾಗಿಲ ಮೇಲಿನ ಕರಿಕಲ್ಲಿನಲ್ಲಿ ‘ಸೌಭಾಗ್ಯ ನಿಲಯ’ ಎಂದು ಕೆತ್ತಿದೆ, ಆದ್ದರಿಂದ ಹಾಗೆ ಕರೆಯುತ್ತಿದ್ದೇನೆ. ನೀವು ನನಗೆ ಅಜ್ಜಿಯ ಅಜ್ಜಿಯೋ, ಅದಕ್ಕೂ ಒಂದು ತಲೆ ಹಿಂದಿನವರೋ ಆಗಬೇಕು.

ಗೋಡೆ ಒಡೆಯುವ ಮುಂಚೆ ಅದನ್ನು ಕಟ್ಟಿಸಿದವರಿಗೆ ಒಂದು ಕಾಗದ ಬರೆದು, ಹೊಸ ಚೌಕಟ್ಟಿನ ಕೆಳಗೆ ಇಟ್ಟು ಗಾರೆ ಹಾಕುವುದು ನಮ್ಮೂರಿನ ರೂಢಿ. ಅಪ್ಪಣೆ ಕೇಳಿದ ಹಾಗೆ. ಹೆಚ್ಚಿನವರು ಎರಡು ಮಾತು ಬರೆದು ಮುಗಿಸುತ್ತಾರೆ. ನನಗೆ ಅಷ್ಟರಲ್ಲಿ ಮುಗಿಯುವ ಹಾಗಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಗೋಡೆಯೊಂದನ್ನು ಒಡೆಯುತ್ತೇವೆ. ಅದರಿಂದ ಒಂದು ಸಂಸಾರಕ್ಕೆ ಈ ಊರಿನಲ್ಲಿ ನೆಲೆ ಸಿಕ್ಕೀತೇ ಇಲ್ಲವೇ ಎಂಬುದು ನನಗೆ ಇನ್ನೂ ಗೊತ್ತಿಲ್ಲ. 

ನನ್ನ ಕೆಲಸವನ್ನು ಮೊದಲು ಹೇಳಬೇಕು. ನಾನು ಮನೆನೋಡಿ. ಮನುಷ್ಯರು ಇರಲು ತಕ್ಕದ್ದೋ ಅಲ್ಲವೋ ಎಂದು ಮನೆಗಳನ್ನು ನೋಡಿ ಹೇಳುವವಳು. ನಮ್ಮಲ್ಲಿ ಮನೆಕಟ್ಟಳೆ ಎಂಬುದಿದೆ. ಇದಕ್ಕಿಂತ ಕಡಿಮೆಯಾದರೆ ಅದನ್ನು ಮನೆ ಎನ್ನಬಾರದು, ಬಾಡಿಗೆಗೆ ಕೊಡಬಾರದು ಎಂದು ಊರು ಒಪ್ಪಿಕೊಂಡ ಕನಿಷ್ಠ. ಮಲಗಿದವರು ಕೈ ಚಾಚಿದರೆ ಇನ್ನೊಬ್ಬರಿಗೆ ತಗಲಬಾರದು. ಕುಡಿಯುವ ನೀರಿನ ಕೊಡ ಇಡೀ ದಿನ ನೆರಳಿನಲ್ಲಿರಬೇಕು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು, ಇದನ್ನು ಬರೆಸಲು ಹೆಂಗಸರು ಎರಡು ಸಲ ಸಭೆ ಬಿಟ್ಟು ಎದ್ದುಹೋದರಂತೆ. ಅಡುಗೆ ಮಾಡುವವರಿಗೆ ಒಲೆಯ ಮುಂದಿನಿಂದ ತುಸು ಆಕಾಶ ಕಾಣಬೇಕು ಎಂಬುದೂ ಇದೆ. ಯಾರು ಬರೆಸಿದರೋ, ಅವರಿಗೆ ಪುಣ್ಯ ಬರಲಿ, ಪದ್ಯ ಓದುವವರೇ ಇರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಗಾಳಿಯದು. ಬಂದ ಗಾಳಿಗೆ ಹೋಗಲು ಬೇರೆ ದಾರಿ ಇರಬೇಕು. ಬೇಗೆಮಾಸದಲ್ಲಿ ತಂಪಾದ ಮನೆಯವರೆಲ್ಲ ಮಧ್ಯಾಹ್ನ ಬಾಗಿಲು ತೆರೆದಿಡಬೇಕು, ದಾರಿಹೋಕರು ಯಾರು ಬೇಕಾದರೂ ಬಂದು ಪಡಸಾಲೆಯಲ್ಲಿ ಕೂರಬಹುದು. ಇದಕ್ಕೆ ತಂಪುಬಾಗಿಲು ಎನ್ನುತ್ತೇವೆ. ನಿಮ್ಮ ಪಡಸಾಲೆಯಲ್ಲಿ ಈ ತಿಂಗಳಿಡೀ ಗುರುತು ಪರಿಚಯವಿಲ್ಲದವರು ಗೊರಕೆ ಹೊಡೆಯುತ್ತಿರುತ್ತಾರೆ. ನಿಮಗೆ ಬೇಸರವಾಗದಿರಲಿ.

ಗಾಳಿಯನ್ನು ಹಿಂದೆ ಯಂತ್ರದಿಂದ ಅಳೆಯುತ್ತಿದ್ದರು. ಮನೆ ಮಾಲೀಕರು ಯಂತ್ರವನ್ನು ಬಾಗಿಲ ಬಳಿ ಇಡಿಸಿ ಕಾಫಿ ಕೊಟ್ಟು ಕಳಿಸುತ್ತಿದ್ದರು. ಅಂಥ ಮನೆಗಳಲ್ಲಿ ಜನ ಸತ್ತ ಮೇಲೆ ಅದನ್ನು ಬಿಟ್ಟರು. ಈಗ ಮನುಷ್ಯರೇ ಕೂತು ನೋಡುವುದು. ಬೇಗೆಗೆ ಮೊದಲು ಸೋಲುವವರು ವಯಸ್ಸಾದವರು, ಆದ್ದರಿಂದ ಊರಿನ ಒಬ್ಬ ಹಿರಿಯಳು ನಡುಮಧ್ಯಾಹ್ನದಿಂದ ಹೊತ್ತು ಇಳಿಯುವವರೆಗೆ ಆ ಮನೆಯ ಒಳಕೋಣೆಯಲ್ಲಿ ಕೂರುತ್ತಾಳೆ. ಬೇಡವೆನಿಸಿದ ಕ್ಷಣ ಎದ್ದು ಬರಬಹುದು. ಎದ್ದು ಬಂದರೆ ಮನೆ ಬಿತ್ತು ಎನ್ನುತ್ತೇವೆ. ಬಾಯಿಮಾತನ್ನು ನಂಬುವುದಿಲ್ಲ. ‘ಹೆಂಗಿತ್ತವಾ’ ಎಂದು ಕೇಳಿದರೆ ನಮ್ಮ ಕಡೆಯ ಮುದುಕಿಯರು ಒಲೆಯೊಳಗೆ ಕೂರಿಸಿದರೂ ‘ಚಲೋ ಐತಿ’ ಎನ್ನುವವರು. ಅದಕ್ಕೆ ಅವಳ ಕೈಗೆ ಹತ್ತಿ ಕೊಟ್ಟು ದೀಪದ ಬತ್ತಿ ಹೊಸೆಯಲು ಹೇಳುತ್ತೇವೆ. ಮೈ ಸೋತಂತೆ ಬತ್ತಿ ಸಡಿಲವಾಗುತ್ತದೆ, ಬೆವರಿಗೆ ಕಂದುತ್ತದೆ, ಕೊನೆಗೆ ಹೊಸೆದೇ ಇಲ್ಲದ ಹಾಗೆ ಬಿಚ್ಚಿಕೊಳ್ಳುತ್ತದೆ. ಹೊರಗೆ ಕೂತ ನಾನು ಆಮೇಲೆ ಆ ಬತ್ತಿಗಳನ್ನು ಸಾಲಾಗಿ ಜೋಡಿಸಿ ನೋಡಿ ತೀರ್ಪು ಹೇಳುತ್ತೇನೆ.

ನಮ್ಮ ಬೀದಿಯ ಹಿರಿಯಳು ದ್ಯಾಮವ್ವ, ನನ್ನ ತಾಯಿಯ ಅಕ್ಕ. ನಿನ್ನೆ ಅವಳು ಕೂತದ್ದು ಹಿಂದಿನ ಓಣಿಯ ಗೊಬ್ಬರದ ಗೋದಾಮಿನಲ್ಲಿ. ಅದು ನಿಮ್ಮ ಕಾಲದ ಕಟ್ಟಡ. ನಿಮ್ಮ ಸಿಮೆಂಟು ಬಲು ಗಟ್ಟಿ, ನಿಮ್ಮವರನ್ನೆಲ್ಲ ಕಳಿಸಿಕೊಟ್ಟು ತಾನು ನಿಂತಿದೆ. ಈಗ ಅಲ್ಲಿರುವವರು ಜಲಜಾಕ್ಷಿ, ಅವಳ ಗಂಡ ದೂಮಪ್ಪ ಮತ್ತು ಇನ್ನೂ ಕತ್ತು ನಿಲ್ಲದ ಒಂದು ಕೂಸು. ಕಡಲ ಕರೆಯಿಂದ ಬಂದವರು. ಅವರ ಊರು ನೀರಿನ ಕೆಳಗಿದೆ. ಆ ಕಡೆಯಿಂದ ಬಂದವರು ನಮ್ಮಲ್ಲಿ ಬಹಳ ಜನ, ಮನೆಗಳು ಕಡಿಮೆ. ದೂಮಪ್ಪ ಗೋದಾಮಿಗೆ ಸುಣ್ಣ ಹೊಡೆದಿದ್ದ, ಸೂರಿನ ಮೇಲೆ ಹುಲ್ಲು ಹಾಸಿದ್ದ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ್ದ. ಅಷ್ಟೆಲ್ಲ ಮಾಡಿದರೂ ಅದಕ್ಕೆ ಇದ್ದದ್ದು ಒಂದೇ ಬಾಯಿ. ಬಿದ್ದ ಮನೆಯನ್ನು ಖಾಲಿ ಮಾಡಬೇಕು ಎಂದು ಕಟ್ಟಳೆ ಹೇಳುತ್ತದೆ, ಎಲ್ಲಿಗೆ ಹೋಗಬೇಕು ಎಂದು ಹೇಳುವುದಿಲ್ಲ.

ದ್ಯಾಮವ್ವ ಒಳಗೆ ಹೋಗುವಾಗ ಜಲಜಾಕ್ಷಿಯ ಗಲ್ಲ ಹಿಡಿದು, ಮೀನು ತಿನ್ನುವ ಊರಿನವರು ಬೆವರಿಗೆ ಹೆದರುತ್ತಾರೇನು ಎಂದು ತಮಾಷೆ ಮಾಡಿದಳು. ಒಳಗಿನಿಂದ ಆಗಾಗ ಏನೋ ಹೇಳುತ್ತಲೂ ಇದ್ದಳು. ಒಂದು ಸಲ ನನ್ನನ್ನು ಕರೆದು, ನೀ ಹೊರಗೆ ನಿದ್ದೆ ಹೊಡೆಯಬೇಡ, ಮನೆನೋಡಿ ಅಂದರೆ ಕಣ್ಣು ಬಿಟ್ಟಿರಬೇಕು ಎಂದು ಚುಚ್ಚಿದಳು. ಹೊತ್ತು ಇಳಿದ ಮೇಲೆ ಬತ್ತಿ ಇಟ್ಟ ತಟ್ಟೆ ಹೊರಗೆ ಬಂತು. ಬತ್ತಿಗಳು ಒಂದಕ್ಕಿಂತ ಒಂದು ಚೆನ್ನ. ಬೆಳ್ಳಗೆ, ಬಿಗಿಯಾಗಿ, ಮೊದಲನೆಯದರಂತೆ ಕೊನೆಯದು. ಮನೆ ನಿಂತಿತು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಜಲಜಾಕ್ಷಿ ಆಗಲೇ ಕೂಸನ್ನು ಎತ್ತಿ ಮುತ್ತಿಡುತ್ತಿದ್ದಳು. ದೊಡ್ಡವ್ವನನ್ನು ಎಬ್ಬಿಸಲೆಂದು ಒಳಗೆ ಹೋಗಿ ಕೈ ಹಿಡಿದೆ. ಅಂಗೈ ಒಣಗಿ ಹೆಂಚಿನಂತೆ ಸುಡುತ್ತಿತ್ತು. ಪಕ್ಕದ ಬುಟ್ಟಿಯಲ್ಲಿ ನಾನು ಕೊಟ್ಟ ಹತ್ತಿ ಕೊಟ್ಟಷ್ಟೇ ಇತ್ತು. ಬತ್ತಿಗಳನ್ನು ಅವಳು ಬೆಳಿಗ್ಗೆ ತನ್ನ ಮನೆಯ ತಂಪಿನಲ್ಲಿ ಕೂತು ಹೊಸೆದು, ಎಲೆಅಡಿಕೆ ಚೀಲದಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದಳು.

ಅವಳನ್ನು ಹೊತ್ತು ತಂದು ನಿಮ್ಮ ಪಡಸಾಲೆಯಲ್ಲಿ ಮಲಗಿಸಿದೆವು. ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದೆವು. ವೈದ್ಯೆ ಬಂದು ನೋಡಿ, ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ತನ್ನನ್ನು ಕರೆಯುವ ಅಗತ್ಯ ಬೀಳುತ್ತಿರಲಿಲ್ಲ ಎಂದಳು. ದೊಡ್ಡವ್ವನಿಗೆ ಎಚ್ಚರ ಬಂದಾಗ ನನಗೆ ಸಿಟ್ಟು, ಭಯ ಎರಡೂ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

“ಈ ಬ್ಯಾಸಗಿ ಒಳಗ ಮೂರು ಮನಿ ಬೀಳಿಸೀನಿ, ಹಂಪಿ. ಆ ಮಂದಿ ಎಲ್ಲಿಗಿ ಹೋದ್ರು ಅಂತ ನೀ ಒಮ್ಮೆರ ಕೇಳೀಯೇನು?”

ಕೇಳಿರಲಿಲ್ಲ. ಮನೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ, ಜನ ಎಲ್ಲಿ ಹೋದರೆಂದು ನೋಡುವುದು ಇನ್ಯಾರದೋ ಕೆಲಸ ಎಂದುಕೊಂಡಿದ್ದೆ. ಜಲಜಾಕ್ಷಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅಜ್ಜಿಯ ಪ್ರಾಣ ತೆಗೆದು ಮನೆ ಮಾಡಿಕೊಳ್ಳುವವರಲ್ಲ ನಾವು ಎಂದಳು. ಆಮೇಲೆ ಬಹಳ ಮೆಲ್ಲಗೆ ನನ್ನನ್ನು ಕೇಳಿದಳು, “ಹೋಗ್ತೇವೆ ಅಕ್ಕ. ಆದ್ರೆ ಈ ಬಿಸಿಲಿಗೆ ಮಗುವನ್ನು ಎತ್ತಿಕೊಂಡು ಯಾವ ದಿಕ್ಕಿಗೆ ಹೋಗುವುದು, ಅದೊಂದು ಹೇಳಿ.”

ಗೋದಾಮು ನಿಂತಿತೆಂದು ಬರೆದುಬಿಡಬಹುದಿತ್ತು, ತಟ್ಟೆಯಲ್ಲಿ ಒಳ್ಳೆಯ ಬತ್ತಿಗಳಿದ್ದವು, ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ದೊಡ್ಡವ್ವನ ಅಂಗೈಯನ್ನು ಹಿಡಿದ ಕೈಯಿಂದ ಹಾಗೆ ಬರೆಯುವುದು ಹೇಗೆ? ನಾಳೆ ಆ ಕೋಣೆಯಲ್ಲಿ ಮಲಗುವುದು ಕೂಸು, ಅದಕ್ಕೆ ಎದ್ದು ಹೊರಗೆ ಬರಲು ಬರುವುದಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಗೋದಾಮಿಗೆ ಹೋದೆ. ನಿಮ್ಮ ಕಾಲದವರು ಎಷ್ಟೇ ಅವಸರದಲ್ಲಿ ಕಟ್ಟಲಿ, ಎಲ್ಲೋ ಒಂದು ಕಿಟಕಿ ಇಟ್ಟಿರುತ್ತಾರೆ, ಆಮೇಲೆ ಯಾರೋ ಮುಚ್ಚಿರುತ್ತಾರೆ ಎಂಬುದು ಈ ಕೆಲಸದಲ್ಲಿ ನಾನು ಕಂಡ ಸಂಗತಿ. ಒನಕೆಯ ತುದಿಯಿಂದ ಗೋಡೆ ಬಡಿಯುತ್ತ ಬಂದೆ. ಹಿಂಭಾಗದ ಗೋಡೆಯಲ್ಲಿ ಒಂದು ಕಡೆ ಸದ್ದು ಬೇರೆಯಾಯಿತು. ಗಾರೆ ಕೆರೆದರೆ ಚೌಕಟ್ಟಿನ ಗುರುತು, ನಡುವೆ ತುಂಬಿದ ಇಟ್ಟಿಗೆ. ದೂಮಪ್ಪನ ಮುಖ ಅರಳಿತು. ಆಚೆಗೆ ಏನಿದೆ ನೋಡಿ ಬರುತ್ತೇನೆಂದು ಓಣಿ ಸುತ್ತಿ ಓಡಿದ. ನಾನು ಖುಷಿಯಿಂದ ಇನ್ನೂ ಜೋರಾಗಿ ಬಡಿದೆ. ಬಹಳ ಹೊತ್ತಿನ ಮೇಲೆ ಅವನು ನಿಧಾನವಾಗಿ ಬಂದ, ಕೈಯಲ್ಲಿ ಒಂದು ಪುಸ್ತಕ. ಬಡಿತಕ್ಕೆ ಕಪಾಟಿನಿಂದ ಬಿದ್ದದ್ದು. ಅದನ್ನು ಎರಡೂ ಕೈಯಲ್ಲಿ ನನಗೆ ಕೊಡುತ್ತ, “ಇದು ನಿಮ್ಮದಲ್ವಾ ಅಕ್ಕ?” ಎಂದ. ನಾನು ರಾತ್ರಿ ತಲೆದಿಂಬಿನ ಪಕ್ಕದಲ್ಲಿಟ್ಟುಕೊಳ್ಳುವ ಕವಿತೆಗಳ ಪುಸ್ತಕ. ಅದರ ಬೆನ್ನು ಕಿತ್ತುಹೋಗಿತ್ತು.

ಸೌಭಾಗ್ಯಮ್ಮನವರೇ, ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಗೋದಾಮಿನ ಬಾಗಿಲು ಆ ಓಣಿಗೆ, ನಮ್ಮ ಬಾಗಿಲು ಈ ಬೀದಿಗೆ. ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಮನೆಗಳು. ನಡುವೆ ಇರುವುದು ನನ್ನ ಓದುವ ಕೋಣೆ. ಉದ್ದಕ್ಕೆ, ಸಪೂರವಾಗಿ, ಒಬ್ಬರು ಕಾಲು ಚಾಚಿದರೆ ಎದುರು ಗೋಡೆ ಸಿಗುವಷ್ಟು ಅಗಲ. ಬಿಸಿಲು ಕಾಣದ ಎರಡು ಗೋಡೆಗಳ ನಡುವೆ ಇಡೀ ಮನೆಯಲ್ಲೇ ತಂಪಾದ ಜಾಗ. ಪುಸ್ತಕ ಕಳೆದಾವೆಂದು ತಂಪುಬಾಗಿಲಿನ ದಿನಗಳಲ್ಲೂ ಅದೊಂದಕ್ಕೆ ಚಿಲಕ ಹಾಕುತ್ತಿದ್ದೆ. ನಿನ್ನೆಯ ಗದ್ದಲದಲ್ಲಿ ಮರೆತಿದ್ದೆ. ಅದರ ಮೂಲೆಯಲ್ಲಿ ಮಳೆನೀರಿನ ಕೊಳವೆಯೊಂದು ಇಳಿದಿದೆ. ಕೋಣೆಯೊಳಗೆ ಮಳೆನೀರಿನ ಕೊಳವೆ ಯಾಕೆ ಎಂದು ಮನೆನೋಡಿಯಾದ ನಾನು ಇಷ್ಟು ವರ್ಷ ಕೇಳಿಕೊಂಡಿಲ್ಲ. ಅದು ಕೋಣೆಯಲ್ಲ, ಸಂದಿ. ಎರಡು ಮನೆಗಳ ನಡುವೆ ಗಾಳಿ ಓಡಾಡಲು ಬಿಟ್ಟಿದ್ದ ಜಾಗ. ನೀವು ಯಾವತ್ತೋ ಅದರ ಮೇಲೆ ತಗಡು ಹೊದಿಸಿದಿರಿ. ಅಡ್ಡ ಹಾಕಿದ ಕಬ್ಬಿಣದ ಕೊಳವೆಗಳು ಈಗಲೂ ಇವೆ, ಅವುಗಳ ಮೇಲೆ ನಾವು ಮಣ್ಣು ಹುಲ್ಲು ಹಾಸಿದ್ದೇವೆ. ತಗಡು ಬಂದ ಮೇಲೆ ಗೋದಾಮಿನ ಕಿಟಕಿ ನಿಮ್ಮ ಮನೆಯೊಳಕ್ಕೆ ಇಣುಕಿದಂತಾಯಿತು. ಅವರು ಮರ್ಯಾದೆಯಿಂದ ಅದನ್ನು ಮುಚ್ಚಿಕೊಂಡರು. ಜಗಳವೂ ಆಗಿರಲಿಕ್ಕಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ನಂಬಿ. ಬಹುಶಃ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ನಿಮಗೆ ಜಾಗವಿರಲಿಲ್ಲ. ಅಥವಾ ಇಷ್ಟು ಜನರಿರುವ ಮನೆಯಲ್ಲಿ ಒಬ್ಬರೇ ಕೂರಲು ಒಂದು ಮೂಲೆ ಬೇಕೆನಿಸಿರಬಹುದು. ಆ ಆಸೆ ನನಗೆ ಚೆನ್ನಾಗಿ ಗೊತ್ತು. ಈ ಕಾಗದವನ್ನೂ ಅಲ್ಲೇ ಕೂತು ಬರೆಯುತ್ತಿದ್ದೇನೆ, ಕೊನೆಯ ಸಲ. ಪುಸ್ತಕಗಳನ್ನು ಪಡಸಾಲೆಗೆ ಸಾಗಿಸಿಯಾಯಿತು. ಗೊರಕೆ ಹೊಡೆಯುವವರ ನಡುವೆ ಅವು ಹೇಗಿರುತ್ತವೋ.

ನಾಳೆ ಮೊದಲು ಆ ಮೇಲ್ಹೊದಿಕೆ ತೆಗೆಯುತ್ತೇವೆ, ಆಮೇಲೆ ಸಂದಿಯ ಎರಡೂ ತುದಿಯ ಗೋಡೆ, ಆಮೇಲೆ ಗೋದಾಮಿನ ಕಿಟಕಿ. ನನ್ನ ಹೆದರಿಕೆ ಏನೆಂದರೆ, ಅಷ್ಟು ಮಾಡಿದರೂ ಗಾಳಿ ಬರದೆ ಹೋಗಬಹುದು. ಸಂದಿ ನಮ್ಮ ಮನೆಗೆ ಮುಗಿಯುವುದಿಲ್ಲ. ಪಡುವಣ ಕಡೆಯ ಮೂರು ಮನೆಯವರೂ ನಿಮ್ಮನ್ನು ನೋಡಿ ತಗಡು ಹೊದಿಸಿದ್ದಾರೆ, ಅಲ್ಲೂ ಯಾರೋ ಮಲಗುತ್ತಾರೆ, ಯಾರೋ ದೇವರನ್ನು ಇಟ್ಟಿದ್ದಾರೆ. ಸಂಜೆ ಹೋಗಿ ಕೇಳಿಕೊಂಡು ಬಂದೆ. ಒಬ್ಬರು ಒಪ್ಪಿದರು. ಒಬ್ಬರು ನಗುತ್ತ ಮಾತು ತೇಲಿಸಿದರು. ಮೂರನೆಯವರು ಬಾಗಿಲು ತೆರೆಯಲಿಲ್ಲ. ನಾಡಿದ್ದು ಮತ್ತೆ ಕೂತು ನೋಡಬೇಕು. ದ್ಯಾಮವ್ವ ತಾನೇ ಕೂರುತ್ತೇನೆಂದು ಮಲಗಿದಲ್ಲಿಂದಲೇ ಹಟ ಹಿಡಿದಿದ್ದಾಳೆ. ಅವಳನ್ನು ನಾನು ಬಿಡುವುದಿಲ್ಲ, ನಾನೇ ಕೂರುತ್ತೇನೆ. ಕಟ್ಟಳೆಯ ಪ್ರಕಾರ ನನಗೆ ಅಷ್ಟು ವಯಸ್ಸಾಗಿಲ್ಲ, ಇರಲಿ. ಹೊರಗೆ ಕೂತು ನನ್ನ ಬತ್ತಿಗಳನ್ನು ನೋಡುವುದು ಅವಳ ಪಾಲಿಗೆ. ನನಗೆ ನೆಟ್ಟಗೆ ಬತ್ತಿ ಹೊಸೆಯಲು ಬರುವುದಿಲ್ಲ ಎಂದು ಆಗಲೇ ಊರಿಗೆಲ್ಲ ಹೇಳಿ ನಗುತ್ತಿದ್ದಾಳೆ. ಮನೆ ಬಿದ್ದರೆ ಜಲಜಾಕ್ಷಿ, ದೂಮಪ್ಪ, ಕೂಸು ಮೂವರೂ ಈ ಪಡಸಾಲೆಗೆ ಬರಲಿ ಎಂದಿದ್ದೇನೆ. ಎಷ್ಟು ದಿನಕ್ಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ನನ್ನ ಬೇಡಿಕೆ. ನಿಮ್ಮ ಮನೆಗೆ ಒಂದು ದಿನ ತಗಡು ಹೊದಿಸುವವನು ಬಂದು ಸಂದಿಯನ್ನು ಅಳೆಯುತ್ತಾನೆ. ಸುಮ್ಮನೆ ಹಾಳಾಗುವ ಜಾಗ, ಒಂದು ಕೋಣೆಯೇ ಆಗುತ್ತದಲ್ಲ ಅಮ್ಮಾ ಎನ್ನುತ್ತಾನೆ. ಅವನಿಗೆ ಒಂದು ಲೋಟ ಚಹಾ ಕೊಟ್ಟು ವಾಪಸು ಕಳಿಸಿಬಿಡಿ. ಅದು ಹಾಳಾಗುತ್ತಿರುವ ಜಾಗವಲ್ಲ. ನೀವು ಕಾಣದ ಒಂದು ಕೂಸಿನ ಉಸಿರು ಅದರಲ್ಲಿ ಓಡಾಡಬೇಕಾಗಿದೆ. ನೀವು ಈ ಮಾತು ಕೇಳಿದರೆ ನನ್ನ ಕೋಣೆ ಇರುವುದೇ ಇಲ್ಲ, ಅದರಲ್ಲಿ ನಾನು ಓದಿದ ಸಂಜೆಗಳಿಲ್ಲ, ಈ ಕಾಗದವೂ ಇಲ್ಲ. ಅದನ್ನೆಲ್ಲ ಯೋಚಿಸಿಯೇ ಬರೆಯುತ್ತಿದ್ದೇನೆ.

ಗೋಡೆಯ ಆಚೆ ಕೂಸು ಅಳುತ್ತಿದೆ. ಇಷ್ಟು ದಿನ ಅದು ನನಗೆ ಕೇಳಿಸಿರಲಿಲ್ಲ. ಬೆಳಿಗ್ಗೆ ಕೆರೆದ ಗಾರೆಯ ಬಿರುಕಿನಿಂದ ಇರಬೇಕು, ಈಗ ತೀರಾ ಹತ್ತಿರದಲ್ಲಿ ಕೇಳುತ್ತಿದೆ.

ನಿಮ್ಮ ಮನೆಯವಳು,
ಹಂಪಮ್ಮ