ಕೆಂಪು ಓಡಿದ ಮಗ್ಗ

ನವೆಂಬರ್ 4, ಸೋಮವಾರ

ಇವತ್ತೂ ಮುದ್ದೆ, ಹುರುಳಿ ಸಾರು. ಗೋಧಿ ಬಿಟ್ಟು ಆರು ತಿಂಗಳು. ಸೀಲಿಯಾಕ್ ಅಂತೆ. ಗೋಧಿಯೊಳಗಿನ ಗ್ಲುಟನ್ ಅನ್ನೋದು ನನ್ನ ಕರುಳಿಗೆ ಆಗದಂತೆ. ಮುದ್ದೆ ತಿನ್ನುವವನಿಗೆ ಅದೇನು ಮಹಾ ಅಂತ ಡಾಕ್ಟರಿಗೇ ಹೇಳಿ ಬಂದಿದ್ದೆ. ಹೆಂಡತಿ ಬನಶಂಕರಿ ತೀರಿಹೋದ ಮೇಲೆ ಅಡುಗೆ ಕಲಿತಿದ್ದೇನೆ, ಮನೆಯಲ್ಲಿ ಚಿಂತೆಯಿಲ್ಲ.

ಚಿಂತೆ ರೈಲಿನದು. ಕಾಶಿಗೆ ಎರಡು ರಾತ್ರಿ. ಬನಶಂಕರಿಯನ್ನು ಕರೆದೊಯ್ಯುತ್ತೇನೆ ಅನ್ನುತ್ತಲೇ ಇದ್ದೆ, ಮಗ್ಗ ಬಿಡಲಿಲ್ಲ. ಈಗ ಅವಳ ಹೆಸರಿನಲ್ಲಾದರೂ ಒಂದು ಮುಳುಗು ಹಾಕಬೇಕು. ಜೊತೆಗೆ ಚೌಡಯ್ಯ. ಕಾಲೇಜಿನಿಂದ ನಾವಿಬ್ಬರೂ ಬೈ-ಟೂ. ಕಾಫಿ, ಬೀಡಿ, ಬೋಂಡ... ಏನೇ ಇರಲಿ ಅರ್ಧ ಅವನಿಗೆ, ಅರ್ಧ ನನಗೆ.

ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಸೂಪರ್ ಮಾರ್ಕೆಟ್‌ಗೆ ಹೋದೆ. ರಾಗಿ ಬಾರ್ ಅಂತ ಒಂದು. ಕನ್ನಡಕ ಹಾಕಿ ಪೂರ್ತಿ ಓದಿದೆ. ರಾಗಿ, ಬೆಲ್ಲ, ಕಡಲೆಕಾಯಿ, ಎಳ್ಳು. ಗೋಧಿ ಇಲ್ಲ. ಕೆಳಗೆ ಫ್ಯಾಕ್ಟರಿ ಬಗ್ಗೆ ಏನೋ ಸಣ್ಣಕ್ಷರ. ನಮಗೇಕೆ ಅದು. ಲುಕ್ ಬಿಫೋರ್ ಯು... ಜಂಪೋ, ಲೀಪೋ. ಅಂತೂ ಲುಕ್ ಮಾಡಿಯಾಯಿತು. ದಿನಕ್ಕೆರಡು ತಿಂದು ಅಭ್ಯಾಸ ಮಾಡಿಕೊಳ್ಳಬೇಕು.

ನವೆಂಬರ್ 7

ಹೊಟ್ಟೆ. ಬರೆಯಲಾಗದು.

ನವೆಂಬರ್ 10, ಭಾನುವಾರ

ಇವತ್ತು ಗಂಜಿ ಒಳಗೆ ನಿಂತಿತು. ಸೂಲಿಬೆಲೆಯಿಂದ ಮಗಳು ಅರುಣಾ ಬಂದಿದ್ದಾಳೆ.

"ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನಿ ಅಪ್ಪಾ. ಮನೇಲಿದ್ದೇ ಹಿಂಗಾದ್ರೆ ರೈಲಲ್ಲಿ ಯಾರು ನೋಡ್ತಾರೆ? ಚೌಡಯ್ಯ ಮಾವನಾ? ಅವ್ರನ್ನೇ ಇನ್ನೊಬ್ರು ನೋಡ್ಕೋಬೇಕು!"

"ಗೋಧಿ ಇರ್ಲಿಲ್ಲ ಕಣಮ್ಮಾ. ಓದೇ ತಿಂದಿದ್ದು."

"ಮತ್ತೆ ಹೊಟ್ಟೆ ಸುಳ್ಳು ಹೇಳ್ತಾ?"



ನವೆಂಬರ್ 13, ಬುಧವಾರ. ಮಧ್ಯಾಹ್ನ

ಸಿಕ್ಕಿತು!

ಮಗ್ಗದ ಮನೆಗೆ ಹೋಗಿದ್ದೆ. ತಂಗಿ ಮಗ ನರೇಶ ಈಗ ಅಲ್ಲಿ ಎಲ್ಲ ನೋಡಿಕೊಳ್ಳುತ್ತಾನೆ. ಕೆನೆ ಬಣ್ಣದ ಸೀರೆ ಇಳಿಯುತ್ತಿತ್ತು. ಒಡಲಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕಿ.

"ಇದೇನೋ ಇದು, ದಡಾರ ಎದ್ದಿದೆ ಸೀರೆಗೆ?"

"ಹೋದ್ವಾರ ಇದೇ ಮಗ್ಗದಲ್ಲಿ ಕೆಂಪು ಸೀರೆ ಓಡ್ತಲ್ಲ ಮಾವ. ಒರೆಸ್ದೆ, ಗಾಳಿನೂ ಹೊಡ್ದೆ. ಎಲ್ಲೋ ಕೆಂಪು ನೂಲಿನ ಧೂಳು ಕೂತಿರತ್ತೆ."

"ಒರೆಸಿದ್ರೆ ಸಾಲ್ದು ಕಣೋ! ಕೆಂಪು ಓಡಿದ ಮಗ್ಗಕ್ಕೆ ಬಿಳಿ ಹಾಸು ಹಾಕೋ ಮುಂಚೆ..."

ಥಟ್ಟನೆ ರಾಗಿ ಬಾರ್ ನೆನಪಾಯಿತು. ಸೈಕಲ್ ಹತ್ತಿ ಮನೆಗೆ ಬಂದು, ಉಳಿದ ಬಾರ್ ತಿರುಗಿಸಿ ಸಣ್ಣಕ್ಷರ ಓದಿದೆ. ಗೋಧಿಯನ್ನೂ ಬಳಸುವ ಘಟಕದಲ್ಲಿ ತಯಾರಾದದ್ದಂತೆ. ಬೆಳಗ್ಗೆ ಗೋಧಿ, ಮಧ್ಯಾಹ್ನ ರಾಗಿ, ಮಷೀನ್ ಒಂದೇ. ಹಾಸಿನಲ್ಲಿ ಕೆಂಪಿಲ್ಲ, ಹೊಕ್ಕಿನಲ್ಲಿ ಕೆಂಪಿಲ್ಲ, ಸೀರೆಯಲ್ಲಿ ಮಾತ್ರ ಕೆಂಪು! ನಲವತ್ತು ವರ್ಷ ಮಗ್ಗ ಓಡಿಸಿದವನಿಗೆ ಇದು ಹೊಳೆಯಲಿಲ್ಲವಲ್ಲ. ಅವರೇನೂ ಮುಚ್ಚಿಟ್ಟಿಲ್ಲ, ಬರೆದೇ ಇದ್ದಾರೆ. ನಾನು ವಿಳಾಸದ ಹಾಗೆ ಹಾರಿಸಿದೆ.

ನವೆಂಬರ್ 15, ಶುಕ್ರವಾರ

ಇನ್ನೊಂದು ಕಂಪನಿಯ ಬಾರ್ ತಂದೆ. ಮುಂದುಗಡೆಯೇ ಗ್ಲುಟನ್ ಫ್ರೀ ಎಂದಿದೆ. ಈಗ ಬರಿಯ ಅಕ್ಷರ ನಂಬುವವನಲ್ಲ. ಪೊಟ್ಟಣದ ಮೇಲಿದ್ದ ನಂಬರಿಗೆ ಫೋನು ಮಾಡಿದೆ.

"ಮೇಡಂ, ಯುವರ್ ಮಗ್ಗ... ಐ ಮೀನ್ ಮಷೀನ್... ಓನ್ಲಿ ದಿಸ್ ಬಾರ್? ಆರ್ ವೀಟ್ ಆಲ್ಸೋ ರನ್ನಿಂಗ್?"

"ಕನ್ನಡದಲ್ಲೇ ಹೇಳಿ ಸಾರ್," ಅಂದಳು ಹುಡುಗಿ, ನಗು ತಡೆದುಕೊಂಡು.

ಗೋಧಿ ಅವರ ಫ್ಯಾಕ್ಟರಿಯ ಒಳಗೇ ಬರುವುದಿಲ್ಲವಂತೆ. ಪ್ರತಿ ಬ್ಯಾಚೂ ಟೆಸ್ಟ್ ಆಗುತ್ತದಂತೆ. ರಿಪೋರ್ಟ್ ಕೇಳಿದೆ, ವಾಟ್ಸಾಪಿಗೆ ಬಂತು.

ನವೆಂಬರ್ 17, ಭಾನುವಾರ

ಪರೀಕ್ಷೆ. ಅರುಣಾ ಹಾಲ್‌ನಲ್ಲಿ ಚಾಪೆ ಹಾಸಿ ಬಾರ್‌ಗಳನ್ನು ಸಾಲಾಗಿ ಇಟ್ಟಳು. ನಮ್ಮ ಕಾಲದಲ್ಲಿ ವೈವಾ ಅನ್ನುತ್ತಿದ್ದರು.

"ಇದು?"

"ಓಟ್ಸ್. ಗೋಧಿ ಹೊಲದ ಪಕ್ಕ ಬೆಳೆದಿರುತ್ತೆ, ಗೋಧಿ ಲಾರೀಲಿ ಬಂದಿರುತ್ತೆ. ಗ್ಲುಟನ್ ಫ್ರೀ ಅಂತ ಬರೆದಿಲ್ಲ. ಬೇಡ."

"ಇದು? ಬರೀ ಅಕ್ಕಿ."

"ಜೊತೆಗೆ ಮಾಲ್ಟ್ ಇದೆ, ನೋಡು. ಬಾರ್ಲಿಯದು. ಅದೂ ಗೋಧಿಗೆ ತಮ್ಮನೇ."

"ಇದು ಹೋದ್ಸಲ ಮಲಗಿಸಿದ್ದು."

"ಕೆಂಪು ಓಡಿದ ಮಗ್ಗ."

ಅವಳು ಕೊನೆಯದನ್ನು ಎತ್ತುವ ಮುಂಚೆಯೇ ಫೋನಿನಲ್ಲಿ ರಿಪೋರ್ಟ್ ತೋರಿಸಿದೆ. ಬಹಳ ಹೊತ್ತು ಓದಿದಳು. ಆಮೇಲೆ ಎದ್ದು ಹೋಗಿ ನನ್ನ ಸೂಟ್‌ಕೇಸ್ ಅಟ್ಟದಿಂದ ಇಳಿಸಿದಳು.

ನವೆಂಬರ್ 22, ಶುಕ್ರವಾರ. ರೈಲು

ನಾಗಪುರ ದಾಟಿ ಎಲ್ಲೋ ನಿಂತಿದೆ. ಏಕೆಂದು ಯಾರಿಗೂ ಗೊತ್ತಿಲ್ಲ. ಹೊಟ್ಟೆ ತಣ್ಣಗಿದೆ, ಅರುಣಾಗೆ ಫೋನಿನಲ್ಲಿ ಹಾಗೇ ಹೇಳಿದೆ.

ಮಗ್ಗದ ಕತೆಯನ್ನೆಲ್ಲ ಚೌಡಯ್ಯನಿಗೆ ನಿನ್ನೆಯೇ ಹೇಳಿದ್ದೆ. ಇವತ್ತು ಅವನು ಮನೆಯಿಂದ ತಂದ ಚಪಾತಿ ಮುಗಿಸಿ ನನ್ನ ಚೀಲಕ್ಕೆ ಕೈಹಾಕಿದ. ಒಂದು ಬಾರ್ ಬಿಚ್ಚಿ ಮುರಿದು, ಎಂದಿನಂತೆ ಅರ್ಧ ನನ್ನ ಕಡೆ ಚಾಚಿದ.

ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ.

"ಯಾಕ್ಲಾ? ನನ್ ಎಂಜಲೇನಲ್ಲ."

"ಎಂಜಲಾಗಿದ್ರೂ ತಿಂತಿದ್ದೆ ಕಣೋ. ನಿನ್ ಕೈ ಈಗ ಕೆಂಪು ಓಡಿದ ಮಗ್ಗ. ಚಪಾತಿ ಮುಟ್ಟಿದ್ದೀಯ. ಅದ್ನ ಪೂರ್ತಿ ನೀನೇ ತಿನ್ನು."

ಅವನು ತಿನ್ನಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಎರಡೂ ತುಂಡನ್ನು ಕಾಗದದಲ್ಲಿ ಸುತ್ತಿಟ್ಟ. ಎದ್ದು ಹೋದ. ಸಿಟ್ಟಾದನೆಂದುಕೊಂಡೆ. ಕಾಶಿ ಇನ್ನೂ ದೂರವಿದೆ, ಮಾತಿಲ್ಲದೆ ಹೇಗೆ...

ಬಂದ. ಎರಡೂ ಕೈ ಒದ್ದೆ, ತುಂಬ ಸೋಪಿನ ವಾಸನೆ. "ಬರೀ ಒರೆಸಿಲ್ಲ ಕಣಯ್ಯಾ, ಮೊಣಕೈತಂಕ ತೊಳ್ದಿದ್ದೀನಿ. ಮೂಸಿ ನೋಡು ಬೇಕಾದ್ರೆ!"

ಮೂಸಿದೆ. ಹೊಸ ಬಾರ್ ಅವನ ಕೈಗೇ ಕೊಟ್ಟೆ. ಬಿಚ್ಚುತ್ತಿದ್ದಾನೆ. ರೈಲೂ ಅಲುಗಿತು. ಅರ್ಧ ಅವನಿಗೆ, ಅರ್ಧ ನನಗೆ.