ಬಾಗಿಲ ಮೇಲಿನ ಲೋಳೆಸರ

ಅರಕಲಗೂಡು
೧೪–೩–೧೯೫೪

ಪ್ರೀತಿಯ ಅವ್ವನಿಗೆ ಪಾರ್ವತಿಯ ನಮಸ್ಕಾರಗಳು.

ಕ್ಷೇಮವೆಂದು ಬರೆದರೆ ನೀನು ನಂಬುವುದಿಲ್ಲ, ಇಲ್ಲವೆಂದರೆ ಊಟ ಬಿಡುತ್ತೀಯ. ನೇರವಾಗಿ ಹೇಳುತ್ತೇನೆ. ನಮ್ಮ ಬಾಗಿಲ ಮೇಲಿನ ಲೋಳೆಸರ ಕೊಳೆತುಹೋಗಿದೆ.

ದೀಪಾವಳಿಯಲ್ಲಿ ಅತ್ತೆ ಅದನ್ನು ಬೇರುಸಮೇತ ತಲೆಕೆಳಗಾಗಿ ತೂಗುಹಾಕಿದರು. ದೃಷ್ಟಿಗೆಂದು ಎಲ್ಲರೂ ಕಟ್ಟುತ್ತಾರೆ. ಆದರೆ ಅತ್ತೆ, ಇದು ಹೂಬಿಟ್ಟ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ ಎಂದುಬಿಟ್ಟರು. ಮದುವೆಯಾಗಿ ನಾಲ್ಕು ವರ್ಷವಾದರೂ ಬಸಿರಾಗದವಳ ಕೈ ಈ ಮಾತು ಕೇಳಿದ ಮೇಲೆ ಸುಮ್ಮನಿದ್ದೀತೇ? ಮಣ್ಣೂ ಬೇಡ, ನೀರೂ ಬೇಡ, ಗಾಳಿ ಕುಡಿದೇ ಬದುಕುತ್ತದೆ ಎಂದು ನೀನು ಹೇಳಿದ್ದು ನೆನಪಿತ್ತು. ಆದರೂ ಮಣೆ ಹತ್ತಿ ದಿನವೂ ಬೇರಿನ ಗಂಟಿಗೆ ಒದ್ದೆ ಬಟ್ಟೆ ಹಿಂಡಿದೆ. ಈಗ ಮುಟ್ಟಿದರೆ ಎಲೆ ಅಂಬಲಿಯಾಗಿ ಕೈಗೆ ಬರುತ್ತದೆ. ಅತಿಯಾದರೆ ಅಮೃತವೂ ವಿಷ.

ಅತ್ತೆ ಹೊಳೆನರಸೀಪುರದ ತಮ್ಮನ ಮನೆಗೆ ಹೋಗಿದ್ದಾರೆ. ಅಲ್ಲಿ ಮದುವೆ ವಯಸ್ಸಿನ ಹುಡುಗಿಯಿದ್ದಾಳೆ. ಮಗನಿಗೆ ಎರಡನೆಯ ಸಂಬಂಧ ನೋಡಲಿಕ್ಕೇ ಹೋಗಿದ್ದಾರೆಂದು ಬಾವಿಕಟ್ಟೆಯಲ್ಲಿ ಪಿಸುಗುಟ್ಟುತ್ತಾರೆ. ಬಂದು ಈ ಕೊಳೆತದ್ದು ಕಂಡರೆ ಶಕುನವೇ ಆಯಿತು ಎನ್ನುತ್ತಾರೆ. ನಿನ್ನ ಅಳಿಯ ಮಾತ್ರ ಪಾಪ, ಈಚೆಗೆ ಸ್ಕೂಲಿನಿಂದ ಬರುವಾಗ ಹೂ ತರುತ್ತಾರೆ, ಸಾರಿಗೆ ಉಪ್ಪು ಹೆಚ್ಚಾದರೂ ಎತ್ತಿ ಆಡುವುದಿಲ್ಲ. ಅವರ ಮುಖ ನೋಡಿಕೊಂಡೇ ಇಲ್ಲಿದ್ದೇನೆ.

ದಂಡಿಗನಹಳ್ಳಿಯ ನಮ್ಮ ಹಿತ್ತಲಿನಿಂದ ಮೊಳದುದ್ದದ ಲೋಳೆಸರವೊಂದನ್ನು ಕಿತ್ತು, ನೆರಳಲ್ಲಿಟ್ಟು ಬೇರಿನ ಹಸಿ ಆರಿದ ಮೇಲೆ ಕಾಯಿ ವ್ಯಾಪಾರದ ಬೈರಯ್ಯನ ಕೈಲಿ ಕಳಿಸು. ಮೂಟೆಯೊಳಗೆ ಹುದುಗಿಸಿ ತರಲಿ. ಅತ್ತೆ ಬರುವ ಮೊದಲೇ ಕಟ್ಟಿಬಿಡಬೇಕು, ಬೇಗ, ಅವ್ವ. ಒಳಗೆ ಕೂರಲಾರೆ, ಹೊರಗೆ ನಿಲ್ಲಲಾರೆ. ಬಸ್ಸಿನ ಸದ್ದಾದರೆ ಬಾಗಿಲಿಗೆ ಓಡಿ ಇಣುಕುತ್ತೇನೆ.

ಇಂತಿ ನಿನ್ನ ಮಗಳು,
ಪಾರ್ವತಿ

ಮರೆತದ್ದಲ್ಲ, ಈಗಷ್ಟೇ ಆದದ್ದು: ಕಾಗದ ಅಂಟಿಸುವಷ್ಟರಲ್ಲಿ ಅತ್ತೆ ಬಂದೇಬಿಟ್ಟರು. ತಲೆಯೆತ್ತಿ ನೋಡಿದರು. ನನ್ನ ಕೈಹಿಡಿದು ಜಗಲಿಯ ಮೇಲೆ ಕೂರಿಸಿಕೊಂಡರು. "ನೀನು ನೀರಿಗೆ ಹೋದಾಗೆಲ್ಲ ನಾನೂವೆ ಇದ್ಕೆ ನೀರು ಚಿಮುಕಿಸ್ತಿದ್ದೆ ಕಣವ್ವ. ಇಬ್ರೂ ಸೇರ್ಕಂಡು ಕೊಂದ್ಬುಟ್ಟೊ" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅದೇ ಧೈರ್ಯದಲ್ಲಿ ಹುಡುಗಿಯ ವಿಷಯ ಕೇಳಿದೆ. ಬೇಡವೆಂದು ತಾವೇ ಹೇಳಿ ಬಂದರಂತೆ, ತಮಗೆ ಒಬ್ಬಳೇ ಸೊಸೆ ಸಾಕಂತೆ. ಹುಡುಗಿಯನ್ನು ನೋಡಿ ಮಾತಾಡಿಕೊಂಡು ಬಾ ಎಂದು ಅವರನ್ನು ಬಸ್ಸು ಹತ್ತಿಸಿದವರು ನಿನ್ನ ಅಳಿಯನೇ ಅಂತೆ. ಗಿಡ ತಡವಾದರೂ ಚಿಂತೆಯಿಲ್ಲ. ಕಾಗದ ಸೇರಿದ ದಿನವೇ ನನ್ನನ್ನು ಕರೆದುಕೊಂಡು ಹೋಗಲು ಅಪ್ಪನನ್ನು ಕಳಿಸು.