ಹೆಜ್ಜೆ ಅಳಿಸುವ ಪೊರಕೆ

ಪಿಲಾಕ್ ದ್ವೀಪ,
ನೆರೆ ಇಳಿಯುವ ತಿಂಗಳು

ಮಗಳು ತಬೇಸಳಿಗೆ ಅಪ್ಪನ ಆಶೀರ್ವಾದ.

ನಿನ್ನ ಓಲೆ ಬಂದು ಬಹಳ ಕಾಲವಾಯಿತು. ದಕ್ಷಿಣದ ದೋಣಿಗಳನ್ನು ಸೈನಿಕರು ತಡೆದಿದ್ದರು, ಮುನಿಯಬೇಡ. ಗುಡಿಯ ಗೋಡೆ ನೋಡಿ ಕಲಿತ ಅಕ್ಷರ ನನ್ನದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ. ಮೊಮ್ಮಗಳಿಗೆ ಹಲ್ಲು ಬಂತೆಂದು ಓದಿ ಒಬ್ಬನೇ ಕೂತು ನಕ್ಕೆ.

ಗುಡಿಯ ದೇವಿಯ ಮೂರ್ತಿಯನ್ನು ಸೈನಿಕರು ಒಯ್ದರು ತಾಯಿ, ಚಕ್ರವರ್ತಿಯ ಆಜ್ಞೆಯಂತೆ. ಐಸಿಸ್ ಅಮ್ಮ ಹತ್ತು ದಿನಕ್ಕೊಮ್ಮೆ ದೋಣಿಯೇರಿ, ಎದುರಿನ ನಡುಗಡ್ಡೆಯ ಸಮಾಧಿಯಲ್ಲಿ ಮಲಗಿರುವ ಗಂಡನಿಗೆ ಹಾಲೆರೆದು ಬರುತ್ತಿದ್ದಳಲ್ಲ, ಈ ಸಲ ದೋಣಿ ಆ ಕಡೆ ತಿರುಗಲೇ ಇಲ್ಲ.

ಚಿಕ್ಕವಳಿದ್ದಾಗ ನೀನು ಕೇಳಿದ್ದೆ: “ಅಪ್ಪಾ, ಗುಡಿಯೊಳಗೆ ಹೋದ ಹಾಗೆ ನೆಲ ಯಾಕೆ ಏರುತ್ತೆ, ಸೂರು ಯಾಕೆ ತಗ್ಗುತ್ತೆ?” ಆದಿಯ ನೀರಿನಿಂದ ಎದ್ದ ಮೊದಲ ದಿಬ್ಬವೇ ಗರ್ಭಗುಡಿ, ಕಂಬಗಳೆಲ್ಲ ಅದರ ಸುತ್ತಲಿನ ಜೊಂಡು ಎಂದಿದ್ದೆ. “ಕತ್ತಲೆ ಯಾಕೆ ಮತ್ತೆ?” “ಬೀಜಕ್ಕೆ ಯಾಕೆ ಬೇಕೋ ಅದಕ್ಕೇ ಕಣೇ.”

ಈಗ ಬೀಜವಿಲ್ಲದ ಕತ್ತಲೆ. ಆದರೂ ಪ್ರತಿ ಬೆಳಗ್ಗೆ ದೀಪವಿಟ್ಟು, ಹಿಂದಿಂದಕ್ಕೆ ನಡೆಯುತ್ತ, ನನ್ನ ಹೆಜ್ಜೆಗಳನ್ನು ಪೊರಕೆಯಿಂದ ಅಳಿಸಿಯೇ ಬರುತ್ತಿದ್ದೆ. ಮನುಷ್ಯ ಬಂದುಹೋದ ಗುರುತು ದೇವರ ಮನೆಯಲ್ಲಿ ಉಳಿಯಬಾರದು. ಈ ಕೆಲಸ ಬಲ್ಲವರು ಉಳಿದಿರುವುದು ನಾನು ಮತ್ತು ನಿನ್ನ ತಮ್ಮ ಪನೂಫ. ಚಕ್ರವರ್ತಿಯ ಹೊಸ ಮತಕ್ಕೆ ಸೇರಿದ ಮೇಲೆ ಅವನು ಗುಡಿಯ ಹೊಸಿಲು ತುಳಿದಿರಲಿಲ್ಲ.

ಅಂಬಿಗ ಪಬೇಕ ರೇಗಿಸುತ್ತಿದ್ದ: “ಏನಜ್ಜಾ, ಮನೆಯೊಡತೀನೇ ಇಲ್ಲ, ಯಾರಿಗೆ ಗುಡಿಸ್ತೀಯ?”

“ಗಿರಾಕಿ ಇಲ್ದಾಗ ನೀನು ದೋಣಿ ನೀರು ಮೊಗೆದು ಹಾಕಲ್ವೇನೋ? ಹಾಗೇ.”

ಮೊನ್ನೆ ಬೆಳಗ್ಗೆ ಹೋದರೆ, ಒಳಗೋಡೆಯ ಮೇಲಿನ ದೇವಿಯ ಮುಖಗಳನ್ನೆಲ್ಲ ಯಾರೋ ಉಳಿಯಿಂದ ಹೆರೆದು ಹಾಕಿದ್ದರು. ತೋಳು, ಮಗುವಿಗೆ ಹಾಲೂಡುವ ಎದೆ ಹಾಗೇ ಇವೆ. ಮುಖವಿಲ್ಲ.

“ಸೈನಿಕರೇ ಇರ್ಬೇಕು,” ಎಂದ ಪಬೇಕ. ಸಂಜೆ ಪನೂಫನೂ ಬಂದ. “ಅವ್ರ ಕೆಲ್ಸಾನೇ ಅದು ಅಪ್ಪಾ. ಇನ್ನು ಅಲ್ಲಿಗೆ ಹೋಗ್ಬೇಡ. ರೊಟ್ಟಿ, ಈರುಳ್ಳಿ ತಂದಿದೀನಿ, ತಿನ್ನು.”

ತಿಂದೆ.

ನೀನು ಇಲ್ಲಿಗೆ ಬರಬೇಡ, ತೋರಿಸಲು ಏನೂ ಉಳಿದಿಲ್ಲ. ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚು. ಹೊಳೆಯ ನೀರು ನಿನ್ನ ಹೊಲ ಮುಟ್ಟಲಿ, ಹೊಸಿಲು ಮುಟ್ಟದಿರಲಿ.

ನಿನ್ನಪ್ಪ,
ಹರ್ವೋಜ

ತಾ.ಕ.: ಯಾರಿಗೂ ಹೇಳದ್ದನ್ನು ನಿನಗೆ ಹೇಳಿಬಿಡುತ್ತೇನೆ. ಆ ಬೆಳಗ್ಗೆ ಗೋಡೆಯ ಬುಡದಲ್ಲೆಲ್ಲ ಕಲ್ಲಿನ ಪುಡಿ ಹರಡಿತ್ತು, ಅದರ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಆ ಪುಡಿಯ ಮೇಲಿಂದ ಹೊಸಿಲಿನವರೆಗೂ ಪೊರಕೆಯ ಗೆರೆಗಳು, ಪೊರಕೆ ಅದರ ಗೂಡಿನಲ್ಲೇ ಇತ್ತು. ಸೈನಿಕರು ಗುಡಿಸುವುದಿಲ್ಲ ತಾಯಿ. ನಾನು ಕಲಿಸಿದ್ದನ್ನು ಅವನು ಮರೆತಿದ್ದರೆ, ಹೇಗೋ ಬದುಕಿಕೊಳ್ಳುತ್ತಿದ್ದೆ.